ಕಸ್ತೂರೆಮ್ಮನ ಬಾಲಾಖಾನೆ

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಿಂದಿನ ಕಾಲದ ರಾಜನೊಬ್ಬ ಏನೋ ಬರೆಸಿಟ್ಟಿದ್ದ. ಎರಡು ಸಾವಿರ ವರ್ಷ ಅದನ್ನು ಯಾರೂ ಓದುವ ಗೋಜಿಗೆ ಹೋಗಿರಲಿಲ್ಲ. ದನ ಕಾಯುವವರು ಅದಕ್ಕೆ ಬೆನ್ನು ಹಚ್ಚಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಆಮೇಲೆ ಯಾರೋ ಪಂಡಿತರು ಬಂದು ಅಚ್ಚು ತೆಗೆದುಕೊಂಡು ಹೋಗಿ ಓದಿಯೇ ಬಿಟ್ಟರಂತೆ. ಓದಲಿ, ಸಂತೋಷ. ಆದರೆ ಅದೇ ಗುಡ್ಡದ ಕೆಳಗೆ, ಕಟ್ಟಡಗಳ ದಾರೋಗಾ ಒಬ್ಬ ಬರೆದುಹೋದ ನಾಲ್ಕು ಸಾಲನ್ನು ಮರುದಿನ ಸರಿಯಾಗಿ ಓದುವ ಒಬ್ಬ ಪಂಡಿತನೂ ಮಸ್ಕಿಯಲ್ಲಿ ಸಿಗಲಿಲ್ಲ. ಸಿಕ್ಕವನು ನಾನೊಬ್ಬನೇ.

ನನ್ನ ಹೆಸರು ಮರಿಸ್ವಾಮಿ. ನಿಜಾಮರ ಸರಕಾರದ ಶಾಲೆಯಲ್ಲಿ, ಮನೆಯಲ್ಲಿ ಕನ್ನಡ ಆಡುವ ಹುಡುಗರಿಗೆ ಉರ್ದುವಿನಲ್ಲಿ ಲೆಕ್ಕ ಕಲಿಸುವ ಘನಕಾರ್ಯ ನನ್ನದಾಗಿತ್ತು. ಅವರಿಗೆ ಉರ್ದುವೂ ಬರುತ್ತಿರಲಿಲ್ಲ, ಲೆಕ್ಕವೂ ಬರುತ್ತಿರಲಿಲ್ಲ. ಇನ್‌ಸ್ಪೆಕ್ಟರರು ಬಂದಾಗ ಮಾತ್ರ ಎರಡೂ ಬರುತ್ತಿದ್ದವು. ಹೆಂಡತಿ ಮಕ್ಕಳಿಲ್ಲದ ನನಗೆ ಎರಡು ಹೊತ್ತಿನ ಊಟ ಕಸ್ತೂರೆಮ್ಮನ ಖಾನಾವಳಿಯಲ್ಲಿ. ನಾನು ಹೇಳಹೊರಟಿರುವುದು ಈ ಕಸ್ತೂರೆಮ್ಮನ ವಿಷಯ. ನಡುನಡುವೆ ನನ್ನ ವಿಷಯ ಬಂದರೆ ಅದು ನನ್ನ ತಪ್ಪು. ತಪ್ಪು ಮಾಡುವುದು ನನಗೆ ಹೊಸದಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ಮಸ್ಕಿಯ ಹಳ್ಳ ದಾಟಿದ ಕೂಡಲೇ ಬಲಕ್ಕೆ ಅವಳ ಮನೆ. ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಿನಲ್ಲಿ ದನದ ಮನೆ, ಅದರ ಪಕ್ಕಕ್ಕೆ ಒಂದು ದೊಡ್ಡ ಬೇವಿನ ಗಿಡ. ಗಂಡ ಅಮರಗುಂಡಪ್ಪ ಬಂಡಿ ಹೊಡೆಯುತ್ತಿದ್ದವನು, ಪ್ಲೇಗಿನ ವರ್ಷ ತೀರಿಕೊಂಡ. ಬೇವು ಅವನು ಮದುವೆಯಾದ ವರ್ಷ ಹಚ್ಚಿದ್ದು. ಮಕ್ಕಳಿರಲಿಲ್ಲ. ಗಂಡನ ದಿನಕರ್ಮ ಮುಗಿಯುವುದರೊಳಗೆ ತುರ್ವಿಹಾಳದಿಂದ ಅಣ್ಣ ಬಸ್ಸಪ್ಪ ಬಂಡಿ ಹೂಡಿಕೊಂಡು ಬಂದು, "ನಡಿ ತಂಗಿ, ತವರುಮನಿ ಇನ್ನೂ ಬಿದ್ದಿಲ್ಲ," ಎಂದಿದ್ದ. ತವರುಮನೆ ಬಿದ್ದಿರಲಿಲ್ಲ ನಿಜ, ಆದರೆ ಅದರೊಳಗೆ ಅತ್ತಿಗೆ ಇದ್ದಳು. ಆ ಅತ್ತಿಗೆ ಒಂದು ರೊಟ್ಟಿ ಹಾಕಿ ಎರಡು ಮಾತು ಬಡಿಸುವವಳು. ಕಸ್ತೂರೆಮ್ಮ ಅಣ್ಣನಿಗೆ ಉಣ್ಣಲು ಹಾಕಿ, ಖಾಲಿ ಬಂಡಿಯನ್ನು ವಾಪಸು ಕಳಿಸಿದಳು. ಮರುದಿನ ಪಡಸಾಲೆಯಲ್ಲಿ ಎರಡು ಚಾಪೆ ಹಾಸಿ ಖಾನಾವಳಿ ಶುರುಮಾಡಿದಳು.

ಬೆಳಗಿನ ಜಾವ ರೊಟ್ಟಿ ಬಡಿಯುವ ಸದ್ದಿಗೇ ಆ ಓಣಿ ಏಳುತ್ತಿತ್ತು. ಹತ್ತಿಯ ಬಂಡಿಯವರು, ಜೋಳದ ಬಂಡಿಯವರು, ಲಿಂಗಸುಗೂರಿನ ಕಚೇರಿಗೆ ದಾವೆಯ ತಾರೀಖಿಗೆ ಹೋಗುವವರು, ಎಲ್ಲರೂ ಅಲ್ಲೇ ಉಣ್ಣುವರು. ತಾರೀಖಿನವರು ಹೋಗುವಾಗ ಹುರುಪಿನಲ್ಲಿ ಉಣ್ಣುವರು, ಬರುವಾಗ ಸಿಟ್ಟಿನಲ್ಲಿ ಉಣ್ಣುವರು. ಎರಡು ಸಲವೂ ನಾಲ್ಕು ರೊಟ್ಟಿಗೆ ಕಡಿಮೆ ಇಲ್ಲ. ಅವಳು ಮಾತ್ರ ಕುಳಿತು ಉಂಡದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಎಡಗೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಪುಂಡಿಪಲ್ಯ, ಕಣ್ಣು ಒಲೆಯ ಮೇಲೆ. ಸಂಜೆ ಹೊತ್ತಿಗೆ ಅವಳ ಕಾಲು ಬಾತುಕೊಳ್ಳುತ್ತಿದ್ದವು. "ಒಂದೀಟು ಕುಂಡ್ರಬಾರದೇನು ಅಕ್ಕಾರ?" ಎಂದರೆ, "ಕುಂತರ ಎಬಸಾಕ ಯಾರದಾರ ಮಾಸ್ತರ?" ಎಂದು ನನ್ನ ಬಾಯಿಗೇ ಬೀಗ ಹಾಕುವಳು.

ಹೀಗೆ ಆರು ವರ್ಷ ನಡೆಯಿತು. ನಿಜಾಮರ ಲೆಕ್ಕದ ಫಸ್ಲಿ ವರ್ಷ ಹದಿಮೂರು ನೂರಾ ನಲವತ್ತೈದರಲ್ಲಿ ಸರಕಾರಕ್ಕೆ ನಮ್ಮ ಆರೋಗ್ಯದ ಚಿಂತೆ ಹತ್ತಿತು. ಪ್ಲೇಗು ಬಂದು, ಒಯ್ಯುವವರನ್ನು ಒಯ್ದು, ಹೋಗಿ ಆರು ವರ್ಷವಾದ ಮೇಲೆ, ದಾರಿಬದಿಯ ಎಲ್ಲ ಊಟದ ಮನೆಗಳ ಕಟ್ಟಡ ಸರಿಯಾಗಿರಬೇಕೆಂದು ಹುಕುಂ ಹೊರಟಿತು. ದಾರೋಗಾ ಬಂದು ನೋಡುತ್ತಾನೆ. ಸರಿ ಇದ್ದರೆ ಸನದು ಎಂಬ ಪ್ರಮಾಣಪತ್ರ ಕೊಡುತ್ತಾನೆ. ಇಲ್ಲದಿದ್ದರೆ ಏನು ತಿದ್ದಬೇಕೆಂದು ಬರೆದುಕೊಡುತ್ತಾನೆ. ಮೂರು ಸಲ ಬರೆದ ಮೇಲೂ ತಿದ್ದಿಕೊಳ್ಳದಿದ್ದರೆ ಬಾಗಿಲಿಗೆ ಅರಗಿನ ಮೊಹರು.

ಕಟ್ಟಡ 'ಸರಿ' ಇರುವುದು ಎಂದರೆ ಹೇಗೆ ಎಂದು ಕೇಳಬೇಡಿ. ಅದು ಕಾಯಿದೆಯ ಪುಸ್ತಕದಲ್ಲಿ ಇತ್ತಂತೆ. ಆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಜವಾನ ಮಕ್ತುಮ್‌ಸಾಬ್ ಬಗಲಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ದಾರೋಗಾಗಳು ಬದಲಾದರು, ಮಕ್ತುಮ್‌ಸಾಬ್ ಬದಲಾಗಲಿಲ್ಲ, ಆ ಗಂಟೂ ಬದಲಾಗಲಿಲ್ಲ. ಆ ಗಂಟು ಬಿಚ್ಚಿದ್ದನ್ನು ನಾನಂತೂ ಕಾಣೆ. ಒಮ್ಮೆ ಕೇಳಿದ್ದಕ್ಕೆ ಅವನು, "ಇದನ್ನ ತಲಿದಿಂಬು ಮಾಡಿ ಮಕ್ಕೊಂತೀನ್ರಿ ಮಾಸ್ತರ. ಕಾಯಿದಾ ಭಾಳ ಮೆತ್ತಗ ಐತಿ," ಎಂದಿದ್ದ.

ಮೊದಲನೆಯ ದಾರೋಗಾ ಬಹಳ ಎತ್ತರದ ಮನುಷ್ಯ. ಮನೆಯನ್ನು ನೋಡುವ ಮೊದಲೇ ಬಾಗಿಲಿನ ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಂಡ. ನಮ್ಮ ಕಡೆಯ ಬಾಗಿಲುಗಳು ಬಗ್ಗಿ ಬರುವವರಿಗಾಗಿ ಇಟ್ಟವು. ಅಧಿಕಾರಿಗೆ ಬಗ್ಗುವುದು ಎಲ್ಲಿ ಗೊತ್ತು? ಕಸ್ತೂರೆಮ್ಮ ಅರಿಶಿನ ತಂದು ಹಚ್ಚಿದಳು. ಹಚ್ಚಿಸಿಕೊಳ್ಳುತ್ತಲೇ ಆತ ಬರೆದ: ಬಾಗಿಲು ಏಳಡಿಗೆ ಕಡಿಮೆ ಇರಕೂಡದು, ಅಡುಗೆಮನೆಗೆ ದಾರಿಯ ಕಡೆ ಕಿಟಕಿ ಬೇಕು.

ಗೌಂಡಿ ದುರುಗಪ್ಪನನ್ನು ಕರೆಸಿದ್ದಾಯಿತು. ದುರುಗಪ್ಪನ ಕೈ ಬಂಗಾರ, ಬಾಯಿ ಮುಳ್ಳು. ಅಲ್ಲೇ ಮೂರು ಹೊತ್ತು ಉಂಡು, ಗೋಡೆ ಒಡೆದು, ಬಾಗಿಲು ಏರಿಸಿದ, ಕಿಟಕಿ ಬಿಟ್ಟ. ಸನದು ತೆಗೆದುಕೊಂಡು ಬರುತ್ತೇನೆಂದು ಹೋದ ಎತ್ತರದ ದಾರೋಗಾ ಬರಲಿಲ್ಲ. ವರ್ಗವಾಗಿತ್ತು. ಬಂದವನು ಎರಡನೆಯವ.

ಎರಡನೆಯವನು ಗಿಡ್ಡ. ಏಳಡಿ ಬಾಗಿಲಿನ ಕೆಳಗೆ ನಿಂತು ಮೇಲೆ ನೋಡಿದ. ಯಾರೋ ತನ್ನನ್ನು ಹಂಗಿಸುವುದಕ್ಕೆಂದೇ ಅದನ್ನು ಕಟ್ಟಿಸಿದ್ದಾರೆ ಎಂಬಂತೆ ಮುಖ ಕೆಂಪಾಯಿತು. ಇಷ್ಟು ಎತ್ತರದ ಬಾಗಿಲಿನಿಂದ ದಾರಿಯ ಧೂಳೆಲ್ಲ ಅನ್ನದೊಳಗೆ ಬೀಳುತ್ತದೆ, ಐದೂವರೆ ಅಡಿ ಸಾಕು ಎಂದು ಬರೆದ. ದಾರಿಯ ಕಡೆಯ ಕಿಟಕಿಯಿಂದ ಕಿಡಿ ಹಾರಿ ಹತ್ತಿಯ ಬಂಡಿಗೆ ಬೆಂಕಿ ಹತ್ತುತ್ತದೆ, ಅದನ್ನು ಮುಚ್ಚಬೇಕು ಎಂದೂ ಬರೆದ. ಕಾಯಿದೆ ಅದೇ, ಪುಸ್ತಕ ಅದೇ, ಗಂಟು ಅದೇ.

ಕಿಟಕಿಯನ್ನು ಮುಚ್ಚಿದ್ದರಿಂದ ಕಸ್ತೂರೆಮ್ಮನಿಗೆ ಉಪ್ಪಿನ ಗಡಿಗೆ ಇಡಲು ಒಂದು ಗೂಡು ಸಿಕ್ಕಿತು. ಬಾಗಿಲಿನ ವಿಷಯಕ್ಕೆ ದುರುಗಪ್ಪ ಗೋಡೆ ಮುಟ್ಟಲು ಒಪ್ಪಲಿಲ್ಲ. ಗುಡ್ಡದಿಂದ ಒಂದೂವರೆ ಅಡಿ ದಪ್ಪದ ಕಲ್ಲು ತಂದು ಹೊಸ್ತಿಲಿನ ಮುಂದೆ ಒಗೆದ.

"ಅಕ್ಕಾರ, ಇದು ಮೆಟ್ಟಲ ಕಲ್ಲು," ಎಂದ. "ಗಿಡ್ಡ ಸಾಹೇಬ ಬಂದ್ರ ಬಾಗಲದಾಗ ಇಡ್ರಿ, ಅದರ ಮ್ಯಾಲಿಂದ ಅಳದ್ರ ಐದೂವರಿ. ಉದ್ದನ ಸಾಹೇಬ ಬಂದ್ರ ಉರುಳಿಸಿ ಆಚೀಕ ಒಗೀರಿ, ಏಳು. ಇನ್ನ ಸರಕಾರ ಎಂಥಾವರನ್ನರ ಕಳಸಲಿ."

"ನಡುವಿನ ಎತ್ತರದಾವ ಬಂದ್ರ?" ಎಂದಳು ಕಸ್ತೂರೆಮ್ಮ.

"ನಡುವಿನ ಎತ್ತರದಾವರಿಗೆ ಸರಕಾರದಾಗ ನೌಕರಿ ಕೊಡಂಗಿಲ್ರಿ."

ಆ ಕಲ್ಲಿಗೆ ಊರಿನಲ್ಲಿ 'ಕಾಯಿದೆ ಕಲ್ಲು' ಎಂದು ಹೆಸರು ಬಿತ್ತು. ಮಾರ್ಪಾಡಾಗುವ ಕಾಯಿದೆಯನ್ನು ನಾನು ಕಣ್ಣಾರೆ ಕಂಡದ್ದು, ಎತ್ತಿ ನೋಡಿದ್ದು, ಅದೊಂದೇ. ಬಹಳ ಭಾರ ಇತ್ತು.

ಮೂರನೆಯವನು ಬಂದದ್ದು ಚಳಿಗಾಲದ ಶುರುವಿಗೆ. ಈತನ ಎತ್ತರ ನಮಗೆ ಗೊತ್ತಾಗಲೇ ಇಲ್ಲ, ಏಕೆಂದರೆ ಆತ ಬಂಡಿಯಿಂದ ಇಳಿಯಲಿಲ್ಲ. ಮೂಗಿಗೆ ಅತ್ತರಿನ ಕರವಸ್ತ್ರ ಹಿಡಿದು, ಮಕ್ತುಮ್‌ಸಾಬನನ್ನು ಒಳಗೆ ಕಳಿಸಿ, ಏನೇನಿದೆ ಏನೇನಿಲ್ಲ ಎಂದು ಕೇಳಿಸಿಕೊಂಡು, ತೊಡೆಯ ಮೇಲೆ ಕಾಗದ ಇಟ್ಟು ನಾಲ್ಕು ಸಾಲು ಗೀಚಿದ. ಎತ್ತುಗಳು ನೊಣ ಝಾಡಿಸುತ್ತ ಅತ್ತಿತ್ತ ಎಳೆಯುತ್ತಿದ್ದವು. ಬಂಡಿಯ ಜೊತೆಗೆ ಬರಹವೂ ಅಲುಗಾಡಿತು. ಕಾಗದವನ್ನು ಕಸ್ತೂರೆಮ್ಮನ ಕಡೆಗೆ ಚಾಚಿ, ನಾಲ್ಕು ತಿಂಗಳ ಗಡುವು ಎಂದು ಬೆರಳು ತೋರಿಸಿ ಹೋದ. ಇದು ಮೂರನೆಯ ಕಾಗದ, ಕೊನೆಯ ಕಾಗದ.

ಅವಳು ಅದನ್ನು ನನಗೆ ತಂದುಕೊಟ್ಟಳು. "ನೆಟ್ಟಗ ಓದ್ರಿ ಮಾಸ್ತರ. ಇದು ತಪ್ಪಿದ್ರ ಬಾಗಲಾ ಮುಚ್ಚತೈತಿ. ಬಾಗಲಾ ಮುಚ್ಚಿದ್ರ ನಾ ತುರ್ವಿಹಾಳದ ಹಾದಿ ಹಿಡೀಬೇಕು," ಎಂದಳು.

ಈಗ ಉರ್ದುವಿನ ವಿಷಯ ಒಂದು ಮಾತು ಹೇಳಬೇಕು. ನಾನು ಕಲಿತದ್ದು, ಕಲಿಸುತ್ತಿದ್ದದ್ದು ಪುಸ್ತಕದ ಉರ್ದು. ಅದರಲ್ಲಿ ಅಕ್ಷರಗಳು ಶಾಲೆಯ ಹುಡುಗರಂತೆ ಸಾಲಾಗಿ ನಿಂತಿರುತ್ತವೆ, ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿ ಇರುತ್ತವೆ. ಕಚೇರಿಯ ಉರ್ದು ಬೇರೆ. ಅಲ್ಲಿ ಚುಕ್ಕೆ ಇಡುವುದು ಓದುವವನಿಗೆ ಬುದ್ಧಿ ಇಲ್ಲ ಎಂದು ಹೇಳಿದಂತೆ, ಆದ್ದರಿಂದ ಮರ್ಯಾದಸ್ಥರು ಇಡುವುದಿಲ್ಲ. 'ಬ' ಅಕ್ಷರಕ್ಕೂ 'ಪ' ಅಕ್ಷರಕ್ಕೂ ಒಂದೇ ಆಕಾರ. ಕೆಳಗೆ ಒಂದು ಚುಕ್ಕೆ ಇದ್ದರೆ ಬ, ಮೂರು ಇದ್ದರೆ ಪ. ಒಂದೂ ಇಲ್ಲದಿದ್ದರೆ ದೇವರೇ ಗತಿ.

ಕಾಗದವನ್ನು ಬೆಳಕಿಗೆ ಹಿಡಿದೆ, ದೂರ ಹಿಡಿದೆ, ಹತ್ತಿರ ಹಿಡಿದೆ. ಸುತ್ತ ಹತ್ತು ಜನ ನಿಂತಿದ್ದರು. ಗೊತ್ತಾಗುವುದಿಲ್ಲ ಎನ್ನಲು ಮಾಸ್ತರನಾದವನಿಗೆ ಬಾಯಿ ಬರುತ್ತದೆಯೇ? ಗಂಟಲು ಸರಿಮಾಡಿಕೊಂಡು ಓದಿದೆ: "ಹಿತ್ತಲಿನಲ್ಲಿ, ದೊಡ್ಡ ಮನೆಗೆ ಹತ್ತದಂತೆ, ಒಂದು ಬಾಲಾಖಾನೆ ಕಟ್ಟಿಸತಕ್ಕದ್ದು. ಮೆಟ್ಟಿಲು ಇರಬೇಕು. ಗಾಳಿ ಚೆನ್ನಾಗಿ ಆಡುವಂತೆ ಮೇಲೆ ಕಿಂಡಿಗಳಿರಬೇಕು. ನಾಲ್ಕು ಕಡೆ ಗೋಡೆ ಇದ್ದು, ಒಬ್ಬ ಮನುಷ್ಯ ಸಂಕೋಚವಿಲ್ಲದೆ ಕುಳಿತುಕೊಳ್ಳುವಂತಿರಬೇಕು."

"ಬಾಲಾಖಾನಿ ಅಂದ್ರೇನ್ರಿ?" ಎಂದಳು ಕಸ್ತೂರೆಮ್ಮ.

"ಮಾಳಿಗಿ ಮ್ಯಾಲಿನ ಕೋಣಿ. ಹೈದರಾಬಾದಿನ್ಯಾಗ ದೊಡ್ಡವರು ಗಾಳಿಗೆ ಕುಂಡ್ರಾಕ ಕಟ್ಟಿಸಿರತಾರ."

"ಉಣ್ಣೋ ಮನಿಗೆ ಮ್ಯಾಲಿನ ಕೋಣಿ ಯಾಕ ಬೇಕಂತ?"

"ಅದನ್ನ ಬರದಿಲ್ಲ."

ಅವಳು ದುರುಗಪ್ಪನ ಮುಖ ನೋಡಿದಳು. ದುರುಗಪ್ಪ, "ಬಾಗಲಾ ಏರಸು ಅಂದ್ರು, ಇಳಸು ಅಂದ್ರು, ಈಗ ಮನೀನ ಏರಸು ಅಂತಾರ. ಬರೋ ವರ್ಷ ಹಳ್ಳ ಮ್ಯಾಲಕ್ಕ ಹರೀಲಿ ಅಂತಾರ. ನಡೀರಿ, ಕಟ್ಟೂಣು," ಎಂದ. ಆ ಹತ್ತು ಜನರಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲ. ಹಿಂದಿನ ಎರಡು ಹುಕುಮಿನಲ್ಲಿ ಬುದ್ಧಿ ಇದ್ದಿದ್ದರೆ ತಾನೇ ಮೂರನೆಯದರಲ್ಲಿ ಇಲ್ಲವೆಂದು ಸಂಶಯ ಬರುವುದು.

ದನದ ಮನೆಯ ಮೇಲೆ ಕಟ್ಟುವುದೆಂದು ಆಯಿತು. ಕಲ್ಲಿಗೆ ಗುಡ್ಡ ಇತ್ತು, ಮಣ್ಣಿಗೆ ಹಳ್ಳ ಇತ್ತು. ತೊಲೆಗೆ, ಜಂತಿಗೆ ಕಟ್ಟಿಗೆ ಇರಲಿಲ್ಲ. ದುರುಗಪ್ಪ ಹಿತ್ತಲಿನಲ್ಲಿ ನಿಂತು ಬೇವಿನ ಗಿಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಆಮೇಲೆ ನೆಲ ನೋಡುತ್ತ ನಿಂತ.

"ಗೊತ್ತಾತು," ಎಂದಳು ಕಸ್ತೂರೆಮ್ಮ. "ಹಚ್ಚಿದಾತನ ಹೋದ ಮ್ಯಾಲೆ ಗಿಡದ್ದೇನೈತಿ. ಕಡೀರಿ."

ಕಡಿಯುವ ದಿನ ಅವಳು ಹಿತ್ತಲಿಗೆ ಬರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಕೊಡಲಿಯ ಸದ್ದು, ಒಳಗೆ ರೊಟ್ಟಿಯ ಸದ್ದು. ಗಿಡ ಬಿದ್ದಾಗ ಒಳಗಿನ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಆ ದಿನದ ರೊಟ್ಟಿಗಳು ಹರಿದಿದ್ದವು. ನಾವು ಒಂದನ್ನೂ ಬಿಡದೆ ತಿಂದೆವು.

ನಾಲ್ಕು ತಿಂಗಳಲ್ಲಿ ಬಾಲಾಖಾನೆ ನಿಂತಿತು. ಹನ್ನೆರಡು ಮೆಟ್ಟಿಲು, ನಾಲ್ಕು ಗೋಡೆ, ಗೋಡೆಗೊಂದು ಕಿಂಡಿ, ನಡುವೆ ಒಬ್ಬ ಮನುಷ್ಯ ಸಂಕೋಚವಿಲ್ಲದೆ ಕುಳಿತುಕೊಳ್ಳುವಂತೆ ನುಣ್ಣಗೆ ಸಾರಿಸಿದ ಒಂದು ಕಟ್ಟೆ. ಹುಕುಮಿನ ಒಂದು ಮಾತನ್ನೂ ದುರುಗಪ್ಪ ಬಿಡಲಿಲ್ಲ. "ಅಕ್ಕಾರ, ನೀವ ಮೊದಲು ಹತ್ತಿ ನೋಡ್ರಿ," ಎಂದ. ಅವಳು ಹಿಟ್ಟಿನ ಕೈಯಲ್ಲೇ ಹತ್ತಿದಳು, ಮೇಲೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ಕೆಳಗೆ ನಿಂತ ನಮಗೆ ಅವಳು ಕಾಣಿಸಲಿಲ್ಲ, ಸದ್ದೂ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಇಳಿದುಬಂದಳು.

"ಅಲ್ಲಿಂದ ಗುಡ್ಡ ಕಾಣತೈತಿ," ಎಂದಳು. "ಹಳ್ಳ ತಿರುವ್ಯಾಡೋದು ಕಾಣತೈತಿ. ಸಿಂಧನೂರ ಕಡಿಂದ ಬರೋ ಬಂಡಿ ಇಷ್ಟಿಷ್ಟ ಕಾಣತಾವ. ಬಂಡಿ ಎಣಸಿ ಹಿಟ್ಟ ಕಲಸಬಹುದು. ಈ ಸರಕಾರಕ್ಕ ಬುದ್ಧಿ ಇಲ್ಲ ಅಂದ್ಕೊಂಡಿದ್ದೆ ಮಾಸ್ತರ. ಒಬ್ಬನಿಗರ ಐತಿ."

ಸರಕಾರದ ಬಗ್ಗೆ ಅವಳ ಬಾಯಲ್ಲಿ ಒಳ್ಳೆಯ ಮಾತು ಬಂದದ್ದು ಅದೇ ಮೊದಲು. ಆ ದಿನದಿಂದ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ತನ್ನ ತಾಟು ಹಿಡಿದು ಮೇಲೆ ಹೋಗುವಳು, ಕಾಲು ಚಾಚಿ ಕುಳಿತು ಉಣ್ಣುವಳು. ಕಾಲಿನ ಬಾವು ಇಳಿಯತೊಡಗಿತು. ನನಗೂ ಒಂದು ಬಗೆಯ ಹೆಮ್ಮೆ. ಹುಕುಂ ಓದಿದವನು ನಾನಲ್ಲವೇ?

ನಾಲ್ಕನೆಯ ದಾರೋಗಾ ಬಂದದ್ದು ಖುರ್ದಾದ್ ತಿಂಗಳಲ್ಲಿ, ನಮ್ಮ ಚೈತ್ರದ ಉರಿಬಿಸಿಲಲ್ಲಿ. ದಪ್ಪನೆಯ ವಯಸ್ಸಾದ ಮನುಷ್ಯ, ಪಿಂಚಣಿಗೆ ಇನ್ನೆರಡು ವರ್ಷ ಇದ್ದವು. ಮಕ್ತುಮ್‌ಸಾಬ್ ಗಂಟು ಹೊತ್ತು, ಜೊತೆಗೆ ಅರಗಿನ ಡಬ್ಬಿಯನ್ನೂ ಹಿಡಿದು ಬಂದಿದ್ದ. ಆ ಡಬ್ಬಿ ನೋಡಿ ಕಸ್ತೂರೆಮ್ಮ ಸೆರಗು ಸರಿಮಾಡಿಕೊಂಡಳು. ಸಾಹೇಬರು ಕಾಯಿದೆ ಕಲ್ಲನ್ನು ಎಡವಿ ಒಳಗೆ ಬಂದರು, ಬಾಗಿಲನ್ನು ನೋಡಲಿಲ್ಲ, ಕಿಟಕಿಯನ್ನು ಕೇಳಲಿಲ್ಲ. ಫೈಲು ತೆರೆದು ಹಿಂದಿನವನ ಹುಕುಮಿನ ನಕಲು ನೋಡಿದರು. ಕಚೇರಿಯ ನಕಲುಗಾರ ಬಡವ, ಮರ್ಯಾದೆಯ ಹಂಗಿಲ್ಲದೆ ಎಲ್ಲ ಚುಕ್ಕೆಗಳನ್ನೂ ಇಟ್ಟಿದ್ದ. ಸಾಹೇಬರು ಸ್ಪಷ್ಟವಾಗಿ ಕೇಳಿದರು: "ಪಾಯಖಾನಾ ಕಹಾಂ ಹೈ?"

ಪಾಯಖಾನೆ. ಮಸ್ಕಿಗೆಲ್ಲ ಪಾಯಖಾನೆ ಇದ್ದದ್ದು ಮುಸಾಫಿರ್ ಬಂಗಲೆಯಲ್ಲಿ ಒಂದು, ಅದಕ್ಕೂ ಬೀಗ, ದೊಡ್ಡ ಸಾಹೇಬರು ಬಂದಾಗ ಮಾತ್ರ ತೆಗೆಯುವುದು. ಉಳಿದ ನಮಗೆಲ್ಲ ತಂಬಿಗೆ ಮತ್ತು ಹಳ್ಳದ ದಂಡೆ. ಚುಕ್ಕೆಯಿಲ್ಲದ 'ಪ' ನನ್ನ ಕಣ್ಣಿಗೆ 'ಬ' ಆಗಿತ್ತು, ಬಂಡಿಯ ಅಲುಗಾಟಕ್ಕೆ ಉದ್ದವಾದ 'ಯ' 'ಲಾ' ಆಗಿತ್ತು. ಆ ಪದವನ್ನು ನಾನು ಶಬ್ದಕೋಶದಲ್ಲಿ ಓದಿದ್ದೆನೇ ಹೊರತು, ಮನುಷ್ಯರ ಮನೆಗೆ ಅದು ಬೇಕೆಂದು ಸರಕಾರ ಹೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಮೆಟ್ಟಿಲು, ಕಿಂಡಿ, ನಾಲ್ಕು ಗೋಡೆ, ಒಬ್ಬ ಮನುಷ್ಯ ಸಂಕೋಚವಿಲ್ಲದೆ ಕುಳಿತುಕೊಳ್ಳುವುದು. ಒಂದೊಂದೇ ಮಾತು ನೆನಪಾಯಿತು. ಬೇವಿನ ಗಿಡ ನೆನಪಾಯಿತು. ಆ ಗಿಡಕ್ಕೆ ಕೊಡಲಿ ಹಾಕಿದವನು ದುರುಗಪ್ಪನಲ್ಲ, ನಾನು.

"ಏನಂತಾರ್ರಿ ಮಾಸ್ತರ ಸಾಹೇಬ್ರು?" ಎಂದಳು ಕಸ್ತೂರೆಮ್ಮ.

ಮಕ್ತುಮ್‌ಸಾಬ್ ನನ್ನ ಮುಖ ನೋಡಿದ, ಹಿತ್ತಲಿನ ಮೇಲಿನ ಕೋಣೆ ನೋಡಿದ. ಮೂವತ್ತು ವರ್ಷ ದಾರೋಗಾಗಳ ಹಿಂದೆ ನಡೆದವನು, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾಹೇಬರ ಕಡೆ ತಿರುಗಿ, ಉರ್ದುವಿನಲ್ಲಿ, ಬಹಳ ನಯವಾಗಿ, "ಹುಜೂರ್, ಅದು ಮೇಲಿದೆ," ಎಂದ.

"ಪಾಯಖಾನೆ, ಮೇಲೆ?"

"ಹುಜೂರರು ಖುದ್ದು ನೋಡಬೇಕು."

ಹುಜೂರರು ಹನ್ನೆರಡು ಮೆಟ್ಟಿಲನ್ನು ನಾಲ್ಕು ಕಡೆ ನಿಂತು ಹತ್ತಿದರು. ನಾನು ಹಿಂದೆ ಹೋದೆ, ಬೀಳುವವನ ಜೊತೆಗೆ ಬೀಳಬೇಕಾದವನಂತೆ. ಮೇಲೆ ಹೋದ ಕೂಡಲೇ ಹಳ್ಳದ ಕಡೆಯಿಂದ ಗಾಳಿ ಬೀಸಿತು. ಸಾಹೇಬರು ಟೋಪಿ ತೆಗೆದರು. ಕಟ್ಟೆಯ ಮೇಲೆ ಕುಳಿತರು. ಕುಳಿತವರು, "ಇದು ಬಾಲಾಖಾನೆ," ಎಂದರು. ನಾನು ಓದಿದ್ದ ಹುಕುಮಿನ ಕಾಗದ ಇಸಿದುಕೊಂಡು ನೋಡಿದರು, ನನ್ನನ್ನು ನೋಡಿದರು. ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಗು ನಿಂತ ಮೇಲೆ ಹೇಳಿದ್ದು ನಗುವಿನ ಮಾತಲ್ಲ. ಪಾಯಖಾನೆ ಇಲ್ಲದ್ದಕ್ಕೆ ಬಾಗಿಲಿಗೆ ಮೊಹರು ಹಾಕಬೇಕು. ಪರವಾನಗಿ ಇಲ್ಲದೆ ಮೇಲಂತಸ್ತು ಎಬ್ಬಿಸಿದ್ದಕ್ಕೆ ಇದನ್ನೂ ಕೆಡವಿಸಬೇಕು. "ಮಾಸ್ತರ್, ನೀವು ಒಂದೇ ಪದದಲ್ಲಿ ಎರಡು ಅಪರಾಧ ಮಾಡಿಸಿದ್ದೀರಿ," ಎಂದರು. ನಾನು ಕೈ ಮುಗಿದು, ತಪ್ಪು ನನ್ನದು, ಆಕೆಯದೇನೂ ಇಲ್ಲ, ಶಿಕ್ಷೆ ನನಗೆ ಕೊಡಿ ಎಂದೆ. ಆ ಕಾಯಿದೆಯಲ್ಲಿ ಓದಿದವರಿಗೆ ಶಿಕ್ಷೆ ಇಲ್ಲ, ಕಟ್ಟಿದವರಿಗೆ ಮಾತ್ರ ಎಂದರು.

ಅಷ್ಟರಲ್ಲಿ ಕಸ್ತೂರೆಮ್ಮ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಯಾರೂ ಹೇಳಿಕೊಟ್ಟಿರಲಿಲ್ಲ. ಬಂದವರಿಗೆ ಹಾಕುವುದು ಅವಳ ಪದ್ಧತಿ, ಮೊಹರು ಹಾಕಲು ಬಂದವರಾದರೂ. ಸಾಹೇಬರು ಒಂದು ರೊಟ್ಟಿ ಮುರಿದರು, ಆಮೇಲೆ ಐದು ಮುರಿದರು. ಉಂಡವರು ಕಟ್ಟೆಯ ಮೇಲೆ ಅಡ್ಡಾದರು. ನಿಜಾಮ ಸರಕಾರದ ಗೊರಕೆ ಹಿತ್ತಲಿನಿಂದ ಬೀದಿಯ ತನಕ ಕೇಳಿಸಿತು. ಕೆಳಗೆ ಅರಗಿನ ಡಬ್ಬಿ ಬಿಸಿಲಿಗೆ ತಾನೇ ಮೆತ್ತಗಾಗುತ್ತಿತ್ತು. ಕಸ್ತೂರೆಮ್ಮ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು.

ಹೊತ್ತು ಇಳಿದ ಮೇಲೆ ಸಾಹೇಬರು ಎದ್ದರು. ಎದ್ದವರು ಮೊದಲು ತಂಬಿಗೆ ಕೇಳಿದರು. ಮಕ್ತುಮ್‌ಸಾಬ್ ತುಂಬಿಕೊಟ್ಟ. ತಂಬಿಗೆ ಹಿಡಿದು, ಹನ್ನೆರಡು ಮೆಟ್ಟಿಲು ಇಳಿದು, ಹಿತ್ತಲು ದಾಟಿ, ಎಲ್ಲರಂತೆ ಹಳ್ಳದ ದಂಡೆಗೆ ಹೋದರು. ನಾವು ಬೇರೆ ಕಡೆ ನೋಡಿದೆವು. ಬಂದು ಕೈಕಾಲು ತೊಳೆದು, ಮತ್ತೆ ಮೇಲೆ ಹತ್ತಿ ಕುಳಿತು, ಲೇಖನಿ ಎತ್ತಿಕೊಂಡರು.

"ಬಾಲಾಖಾನೆ ಎಂದು ಬರೆದರೆ ಕೆಡವಬೇಕು," ಎಂದು ತಮಗೆ ತಾವೇ ಹೇಳಿಕೊಂಡರು. "ಕೆಡವಿದರೆ ಬರುವ ಸಲ ನಾನು ಎಲ್ಲಿ ಮಲಗಲಿ?"

ಅವರು ಬರೆದದ್ದು, ಎಲ್ಲ ಚುಕ್ಕೆಗಳ ಸಮೇತ, ನನಗೆ ಇಂದಿಗೂ ಬಾಯಿಪಾಠ: "ಹುಕುಮಿನ ಪ್ರಕಾರ ಪಾಯಖಾನೆ ತಯಾರಾಗಿದೆ. ಗಾಳಿ ಬೆಳಕು ಬಹಳ ಉತ್ತಮ. ಖುದ್ದು ಮೂರು ತಾಸು ಒಳಗಿದ್ದು ಪರೀಕ್ಷಿಸಿದ್ದೇನೆ. ದುರ್ವಾಸನೆ ಲವಲೇಶವೂ ಇಲ್ಲ. ದರ್ಜೆ ಅವ್ವಲ್, ಎಲ್ಲಕ್ಕಿಂತ ಮೇಲಿನದು. ಸನದು ಕೊಡಬಹುದು."

ಸನದು ಬಂತು. ಕಸ್ತೂರೆಮ್ಮ ಅದಕ್ಕೆ ಚೌಕಟ್ಟು ಹಾಕಿಸಿ, ದೇವರ ಫೋಟೋದ ಪಕ್ಕಕ್ಕೆ ತೂಗುಹಾಕಿ, ಊದಿನಕಡ್ಡಿ ಹಚ್ಚಿದಳು. ಉರ್ದು ಬರುವ ಗುಮಾಸ್ತರು ಉಣ್ಣುತ್ತ ತಲೆ ಎತ್ತಿ ಓದಿ, ತುತ್ತು ನೆತ್ತಿಗೆ ಹತ್ತಿಸಿಕೊಳ್ಳುವರು. ಮುಂದಿನ ವರ್ಷಗಳಲ್ಲಿ ಬಂದ ದಾರೋಗಾಗಳೆಲ್ಲ ದಫ್ತರಿನಲ್ಲಿ 'ಅವ್ವಲ್ ದರ್ಜೆಯ ಪಾಯಖಾನೆ' ಎಂದು ಓದಿ ಬರುವರು, ಅದರಲ್ಲಿ ಉಂಡು, ಅದರಲ್ಲಿ ಮಲಗಿ, ಹಿಂದಿನವರ ಮಾತಿಗೆ ಸಹಿ ಹಾಕಿ ಹೋಗುವರು. ಸನದು ಓದಲು ಬಾರದ ತುರ್ವಿಹಾಳದ ಬಸ್ಸಪ್ಪ ಒಮ್ಮೆ ಬಂದು, ಮೇಲೆ ಕುಳಿತು, ತಂಗಿಯನ್ನು ಕರೆದೊಯ್ಯುವ ಮಾತು ಎತ್ತದೆ ಹೋದ.

ನನಗೆ ಮಾತ್ರ ಆ ಮನೆಯ ರೊಟ್ಟಿ ರುಚಿಸುತ್ತಿರಲಿಲ್ಲ. ಹಿತ್ತಲಿನ ಕಡೆ ನೋಡಿದರೆ ಬೇವಿನ ಬೊಡ್ಡೆ ಕಾಣುತ್ತಿತ್ತು. ಸನದು ಬಂದ ಮೇಲೆ ಮೂರು ತಿಂಗಳು ತಡೆದೆ. ಒಂದು ಮಧ್ಯಾಹ್ನ ಅವಳು ಮೇಲೆ ಉಣ್ಣುತ್ತ ಕುಳಿತಾಗ ಹತ್ತಿ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಪದ ಯಾವುದು, ನಾನು ಓದಿದ್ದು ಯಾವುದು, ಗಿಡ ಕಡಿಸಿದ್ದು ಯಾರು. ಹೇಳುವಾಗ ಅಳು ಬಂತು, ನಾಚಿಕೆಯಾಗಲಿಲ್ಲ.

ಅವಳು ರೊಟ್ಟಿಯ ಚೂರಿಗೆ ಹಿಂಡಿ ಹಚ್ಚಿಕೊಂಡು ಬಾಯಿಗಿಟ್ಟಳು. ಸಿಂಧನೂರಿನ ದಾರಿಯಲ್ಲಿ ಬಂಡಿಗಳು ಬರುತ್ತಿದ್ದವು. ಅವನ್ನು ಎಣಿಸಿ ಮುಗಿಸಿದಳು.

"ಗೊತ್ತೈತ್ರಿ," ಎಂದಳು. "ಮಕ್ತುಮ್‌ಸಾಬ್ ಅವತ್ತ ಹೇಳ್ಯಾನ. ಆ ದಪ್ಪ ಸಾಹೇಬ ಗೊರಕಿ ಹೊಡಿಯಾಕತ್ತಿದ್ದಾಗ."

"ಮತ್ತ ನನಗ ಒಂದು ಮಾತೂ ಅನಲಿಲ್ಲ?"

"ಏನನ್ನಲಿ? ಗಿಡ ಕಡಿಸಿದ್ದಕ್ಕ ಬೈಬೇಕಂತ ನಾಲ್ಕು ಸಲ ಬಾಯಿತನಕ ಬಂದಿತ್ತು. ಬೈಯಾಕ ಅಂತ ಇಲ್ಲಿ ಬಂದು ಕುಂತೆ. ಕುಂತ ಮ್ಯಾಲೆ ಸಿಟ್ಟ ನಿಲ್ಲಲಿಲ್ಲ." ತಾಟು ಪಕ್ಕಕ್ಕೆ ಸರಿಸಿ, ಬಾವು ಇಳಿದ ಕಾಲುಗಳನ್ನು ನೀವಿಕೊಂಡಳು. "ನೀವು ನೆಟ್ಟಗ ಓದಿದ್ದಿದ್ರ ನಾ ಪಾಯಖಾನಿ ಕಟ್ಟಿಸಿ, ಅದನ್ನ ತೊಳಕೋತ ನಿಂತಿರತಿದ್ದೆ ಮಾಸ್ತರ. ಗಂಡ ಸತ್ತು ಏಳು ವರ್ಷಕ್ಕ ಕುಂತು ಒಂದು ತುತ್ತು ಉಂಡೀನಿ. ಗಿಡ ಆತಂದ, ಅದರ ತೊಲಿ ನನ್ನ ತಲಿಮ್ಯಾಲೆ ಐತಿ."

ಕೆಳಗೆ ಬಾಗಿಲಲ್ಲಿ ಮಕ್ತುಮ್‌ಸಾಬನ ದನಿ ಕೇಳಿಸಿತು. ಲಿಂಗಸುಗೂರಿನಿಂದ ಹೊಸ ಕಾಗದ ತಂದಿದ್ದ. ಐದನೆಯವನೊಬ್ಬ ಬಂದಿದ್ದಾನಂತೆ, ಆತನೂ ಚುಕ್ಕೆ ಇಡುವುದಿಲ್ಲವಂತೆ. ನಾನು ಕಣ್ಣೊರೆಸಿಕೊಂಡು, ಈ ಸಲ ಸಿಂಧನೂರಿನ ವಕೀಲರ ಹತ್ತಿರ ತೋರಿಸೋಣ, ಅವರಿಗೆ ಕಚೇರಿಯ ಬರಹ ಚೆನ್ನಾಗಿ ಬರುತ್ತದೆ ಎಂದೆ.

ಕಸ್ತೂರೆಮ್ಮ ಕೆಳಗಿಳಿದು ಕಾಗದವನ್ನು ಇಸಿದುಕೊಂಡು ಬಂದು ನನ್ನ ಕೈಯಲ್ಲೇ ಇಟ್ಟಳು.

"ಬ್ಯಾಡ್ರಿ," ಎಂದಳು. "ನೆಟ್ಟಗ ಓದೋರ ಕೈಯಾಗ ಕೊಡಬ್ಯಾಡ್ರಿ. ನೀವ ಓದ್ರಿ."